ತವರಿನಿಂದ ಬಂದ ಎರಡು ಸಾಲು

ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರ ಜಿಲ್ಲೆಗಳ ಹಳ್ಳಿಗಳಲ್ಲಿ ಹಳೆಯ ಮನೆಯ ಒಳಹೊಕ್ಕರೆ ಮೂಲೆಯಲ್ಲೆಲ್ಲೋ ಒಂದು ಜೋಡಿ ಕಲ್ಲು ಇನ್ನೂ ಸಿಗುತ್ತದೆ. ಮರಾಠಿಯಲ್ಲಿ ಅದು ಜಾತೆ, ಪಕ್ಕದ ಖಾನದೇಶದವರಿಗೆ ಘರೋಟ, ನಮಗೆ ಬೀಸುಕಲ್ಲು. ಆ ಸೀಮೆಯ ನೆಲವೆಲ್ಲ ಕರಿಯ ಬಸಾಲ್ಟ್ ಶಿಲೆ. ರಾಷ್ಟ್ರಕೂಟರ ಒಂದನೆಯ ಕೃಷ್ಣ 8ನೇ ಶತಮಾನದಲ್ಲಿ ಎಲ್ಲೋರದ ಕೈಲಾಸ ದೇಗುಲವನ್ನು ಕೊರೆಸಿದ ಬೆಟ್ಟವೂ ಅದೇ ಶಿಲೆಯದು. ಕೈಲಾಸವನ್ನು ನೋಡಲು ಲೋಕವೆಲ್ಲ ಬರುತ್ತದೆ. ಅದೇ ಕರಿಗಲ್ಲನ್ನು ನಸುಕಿನ ಕತ್ತಲಲ್ಲಿ ತಿರುಗಿಸುತ್ತ, ಅಕ್ಷರ ಕಲಿಯದ ಹೆಂಗಸರು ನೂರಾರು ವರ್ಷಗಳಿಂದ ಕಟ್ಟಿಕೊಂಡು ಬಂದ ಓವಿ ಎಂಬ ಬೀಸುವ ಹಾಡುಗಳ ಬಗ್ಗೆ ಇಲ್ಲಿ ಹೇಳಬೇಕೆಂದಿದ್ದೇನೆ. ನನ್ನ ಮಟ್ಟಿಗೆ ಅವು ಕೈಲಾಸಕ್ಕಿಂತ ಕಡಿಮೆಯ ಕೆಲಸವಲ್ಲ.

ಮೊದಲು ಕಲ್ಲನ್ನು ಅರಿಯಬೇಕು. ಹಾಡಿನ ಗುರು ಅದೇ. ಕೆಳಗಿನ ಕಲ್ಲು ಕದಲದೆ ಕೂತಿರುತ್ತದೆ. ಅದರ ನಡುವಿನ ಗೂಟದ ಸುತ್ತ ಮೇಲುಕಲ್ಲು ತಿರುಗುತ್ತದೆ. ಮೇಲುಕಲ್ಲಿನ ಅಂಚಿನ ಕುಳಿಯಲ್ಲಿ ನೆಟ್ಟ ಮರದ ಹಿಡಿಗೆ ಖುಂಟಾ ಎನ್ನುತ್ತಾರೆ. ಒಬ್ಬಳೇ ಬೀಸಬಹುದು, ಆದರೆ ಇಬ್ಬರಿದ್ದರೆ ಕೆಲಸವೂ ಹಗುರ, ಹಾಡೂ ಸಲೀಸು. ಎದುರುಬದುರು ಕಾಲು ಚಾಚಿ ಕೂತು ಇಬ್ಬರೂ ಒಂದೇ ಖುಂಟಾಕ್ಕೆ ಒಂದೊಂದು ಕೈ ಹಾಕುತ್ತಾರೆ. ಒಬ್ಬಳು ತನ್ನ ಕಡೆಗೆ ಎಳೆದಾಗ ಇನ್ನೊಬ್ಬಳ ತೋಳು ಸಡಿಲ ಬಿಡುತ್ತದೆ, ಮರುಗಳಿಗೆಗೆ ಇವಳದು ಬಿಗಿ, ಅವಳದು ಸಡಿಲ. ಬಿಡುವಾದ ಕೈ ಜೋಳವನ್ನೋ ಸಜ್ಜೆಯನ್ನೋ ಹಿಡಿಹಿಡಿಯಾಗಿ ಕಲ್ಲಿನ ಬಾಯಿಗೆ ಹಾಕುತ್ತಿರಬೇಕು. ಹೆಚ್ಚು ಸುರಿದರೆ ಹಿಟ್ಟು ತರಿಯಾಗುತ್ತದೆ. ಕಡಿಮೆಯಾದರೆ ಕಲ್ಲಿಗೆ ಕಲ್ಲು ತೀಡಿ ಹಿಟ್ಟಿಗೆ ಮರಳು ಸೇರುತ್ತದೆ. ಕಲ್ಲು ಸವೆದು ನುಣುಪಾದರೆ ಕಾಳು ಜಾರುತ್ತದೆಯೇ ಹೊರತು ನುರಿಯುವುದಿಲ್ಲ. ಆಗ ಉಳಿ, ಸುತ್ತಿಗೆ ಹಿಡಿದು ಊರೂರು ತಿರುಗುವವರನ್ನು ಕರೆದು ಕಲ್ಲಿಗೆ ಟಾಕಿ ಹಾಕಿಸಬೇಕು, ಅಂದರೆ ಅದರ ಮೈಮೇಲೆ ಹೊಸ ಕಚ್ಚು ಹೊಡೆಸಬೇಕು.

ಈ ಕೆಲಸದೊಳಗಿಂದಲೇ ಓವಿಯ ಅಳತೆ ಬಂದಿದೆ. ಎಳೆದಾಗ ಉಸಿರು ಹೊರಗೆ, ಬಿಟ್ಟಾಗ ಉಸಿರು ಒಳಗೆ. ಒಂದು ಉಸಿರಿನಲ್ಲಿ ಎಷ್ಟು ಮಾತು ಹಿಡಿಯುತ್ತದೋ ಅಷ್ಟೇ ಅರ್ಧ ಸಾಲು. ಜ್ಞಾನೇಶ್ವರರು 1290ರಲ್ಲಿ ಪ್ರವರಾ ತೀರದ ನೇವಾಸೆಯಲ್ಲಿ ಗೀತೆಗೆ ಮರಾಠಿ ಭಾಷ್ಯ ಬರೆದಾಗ ಆರಿಸಿಕೊಂಡದ್ದು ಓವಿ ಛಂದಸ್ಸನ್ನೇ. ‘ಜ್ಞಾನೇಶ್ವರಿ’ಯಲ್ಲಿ ಸುಮಾರು 9 ಸಾವಿರ ಓವಿಗಳಿವೆ. ಆ ಗ್ರಂಥದ ಓವಿಗೆ ಮೂರೂವರೆ ಚರಣ. ಬೀಸುಕಲ್ಲಿನ ಓವಿ ಹೆಚ್ಚಾಗಿ ಎರಡೇ ಸಾಲಿನದು. ಹಾಡುವಾಗ ಮಾತ್ರ ಅದು ಬೆಳೆಯುತ್ತದೆ. ಮುಂದಾಳಾದವಳು ಮೊದಲ ಸಾಲನ್ನು ಒಡೆದು, ಅರ್ಧವನ್ನು ಮತ್ತೆ ಮತ್ತೆ ಹೇಳಿ, ನಡುವೆ ‘ಬಾಯಿ’, ‘ಗ’ ಎಂಬ ಕರೆಮಾತುಗಳನ್ನು ತುಂಬಿ ಕಲ್ಲಿನ ಸುತ್ತಿಗೆ ಸರಿದೂಗಿಸುತ್ತಾಳೆ. ಎದುರಿನವಳು ಅದನ್ನು ಎತ್ತಿಕೊಳ್ಳುತ್ತಾಳೆ. ಅವಳು ಹಾಡುವಷ್ಟು ಹೊತ್ತು ಇವಳಿಗೆ ಎರಡನೆಯ ಸಾಲನ್ನು ನೆನೆಯಲು, ಬೇಕಿದ್ದರೆ ಹೊಸದಾಗಿ ಹೊಸೆಯಲು ಬಿಡುವು. ಕಾಗದವಿಲ್ಲದ ಕವಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇನ್ನೇನು ಬೇಕು?

ನಮ್ಮ ತ್ರಿಪದಿಯನ್ನು ಬಲ್ಲವರಿಗೆ ಇದೆಲ್ಲ ಗುರುತಿನ ದಾರಿ. ನಾಲ್ಕು, ನಾಲ್ಕು, ಮೂರು ಎಂದು ಹನ್ನೊಂದು ಅಂಶಗಣಗಳ ತ್ರಿಪದಿ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಸುಮಾರು ಕ್ರಿ.ಶ. 700ರಲ್ಲೇ ಕಲ್ಲಿನ ಮೇಲೆ ಕಾಣಿಸಿಕೊಂಡಿತು. ಆ ಮೇಲೆ ವಿಜಯಪುರ, ಬಾಗಲಕೋಟೆ ಕಡೆಯ ಗರತಿಯರ ಬಾಯಲ್ಲಿ ಬೀಸುವ ಪದವಾಗಿ ಉಳಿಯಿತು. ಓವಿಯ ಹಳೆಯ ದಾಖಲೆಯನ್ನೂ ಒಬ್ಬ ಕನ್ನಡ ನಾಡಿನ ದೊರೆಯೇ ಬರೆದಿಟ್ಟಿದ್ದಾನೆ ಎಂಬುದು ನನಗೆ ತುಂಬ ಹಿಡಿಸಿದ ಸಂಗತಿ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 1129ರಲ್ಲಿ ರಚಿಸಿದ ಸಂಸ್ಕೃತ ವಿಶ್ವಕೋಶ ‘ಮಾನಸೋಲ್ಲಾಸ’ದಲ್ಲಿ, ಮಹಾರಾಷ್ಟ್ರದ ಹೆಂಗಸರು ಧಾನ್ಯ ಕುಟ್ಟುವಾಗ ಓವಿ ಹಾಡುತ್ತಾರೆ ಎಂಬ ಮಾತಿದೆ. ಅರಮನೆಯ ಊಟ, ಆನೆ, ಆಟ, ಸಂಗೀತ ಎಲ್ಲವನ್ನೂ ಬರೆದ ಅರಸ ಒರಳಿನ ಮುಂದಿನ ಹೆಣ್ಣುದನಿಗೂ ಕಿವಿ ಕೊಟ್ಟಿದ್ದ. ಅದೇ ಶತಮಾನದಲ್ಲಿ ಅದೇ ಕಲ್ಯಾಣದ ಶರಣರ ನಡುವೆ ಕೊಟ್ಟಣದ ಸೋಮಮ್ಮ ಇದ್ದಳು, ಧಾನ್ಯ ಕುಟ್ಟಿ ಬದುಕಿದ ವಚನಕಾರ್ತಿ. ಮುಂದಿನ ಶತಮಾನದಲ್ಲಿ ಗೋದಾವರಿ ದಡದ ಗಂಗಾಖೇಡದ ಜನಾಬಾಯಿ ಪಂಢರಪುರದ ನಾಮದೇವರ ಮನೆಯಲ್ಲಿ ದಾಸಿಯಾದಳು. ಅವಳು ಬೀಸುವಾಗ ವಿಠ್ಠಲನೇ ಬಂದು ಖುಂಟಾ ಹಿಡಿಯುತ್ತಿದ್ದನೆಂದು ಜನ ನಂಬಿದರು. ಆ ಕತೆಯನ್ನು ಕಟ್ಟಿದವರಿಗೆ ಕಲ್ಲಿನ ಭಾರ ಗೊತ್ತಿತ್ತು. ದೇವರು ಬಂದದ್ದು ವರ ಕೊಡಲಿಕ್ಕಲ್ಲ, ಇನ್ನೊಂದು ಕೈ ಆಗಲಿಕ್ಕೆ.

ಇನ್ನು ಈ ಹಾಡು ಮನೆಯಿಂದ ಮನೆಗೆ ಹೇಗೆ ಇಳಿಯುತ್ತದೆ ಎಂಬ ವಿಚಾರ. ಶಾಸ್ತ್ರೀಯ ಸಂಗೀತದ ಮನೆತನಗಳಲ್ಲಿ ವಿದ್ಯೆ ಸಾಮಾನ್ಯವಾಗಿ ಅಪ್ಪನಿಂದ ಮಗನಿಗೆ, ಒಂದೇ ಊರಿನಲ್ಲಿ, ಒಂದೇ ಹೆಸರಿನಲ್ಲಿ ಇಳಿಯುತ್ತದೆ. ಓವಿಯ ದಾರಿ ಬೇರೆ. ಮಗು ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿರುವಾಗಲೇ ಕಲ್ಲಿನ ಗುಡುಗಿನೊಂದಿಗೆ ಹಾಡೂ ಕಿವಿಗೆ ಬೀಳುತ್ತದೆ. ಹುಡುಗಿ ಕೊಂಚ ದೊಡ್ಡವಳಾದ ಮೇಲೆ ಖುಂಟಾಕ್ಕೆ ಕೈ ಹಚ್ಚುತ್ತಾಳೆ. ಯಾರೂ ಅವಳನ್ನು ಕೂರಿಸಿ ಪಾಠ ಹೇಳುವುದಿಲ್ಲ. ಮದುವೆಯಾಗಿ ಇನ್ನೊಂದು ಊರಿಗೆ ಹೋದಾಗ ಸೀರೆ, ಪಾತ್ರೆಗಳ ಜೊತೆಗೆ ತವರಿನ ಓವಿಗಳೂ ಹೋಗುತ್ತವೆ. ಅಲ್ಲಿ ಎದುರಿಗೆ ಕೂರುವವಳು ಅತ್ತೆ, ಇಲ್ಲವೇ ನಾದಿನಿ, ಇಲ್ಲವೇ ಓರಗಿತ್ತಿ. ಅವರ ಬಾಯಲ್ಲಿ ಇನ್ಯಾವುದೋ ಊರಿನ ಓವಿ. ಅತ್ತೆಯೂ ಒಂದು ಕಾಲಕ್ಕೆ ಹೀಗೇ ಬೇರೆ ಊರಿನಿಂದ ಬಂದವಳಲ್ಲವೇ! ಹೀಗೆ ಒಂದೊಂದು ಬೀಸುಕಲ್ಲಿನ ಸುತ್ತ ನಾಲ್ಕಾರು ಊರುಗಳ ತಾಯಂದಿರ ಹಾಡು ಸೇರುತ್ತದೆ. ಆ ಮನೆಯ ಮಗಳು ಅದಷ್ಟನ್ನೂ ಕಟ್ಟಿಕೊಂಡು ಮತ್ತೊಂದು ಊರಿಗೆ ನಡೆಯುತ್ತಾಳೆ. ಹೊಲ, ಮನೆ ಗಂಡುಮಕ್ಕಳಿಗೆ ಹೋದ ನಾಡಿನಲ್ಲಿ ಹೆಣ್ಣುಮಕ್ಕಳಿಗೆ ತಪ್ಪದೆ ಸಿಕ್ಕ ಆಸ್ತಿ ಇದೊಂದೇ ಇರಬೇಕು.

ಎರಡು ಸಾಲುಗಳಲ್ಲಿ ಒಂದು ಬಳುವಳಿಯದು, ಇನ್ನೊಂದು ಸ್ವಂತದ್ದು. ಓವಿಯ ಕುಶಲತೆಯೆಲ್ಲ ಈ ಜೋಡಣೆಯಲ್ಲಿದೆ. ಮೊದಲ ಸಾಲು ಎಲ್ಲರಿಗೂ ಗೊತ್ತಿರುವ ಒಂದು ನೋಟವನ್ನು ಇಡುತ್ತದೆ: ಬೆಳಗಿನ ತುಳಸಿಕಟ್ಟೆ, ಮಳೆ ಹಿಡಿದ ಹೊಲ, ಪಂಢರಪುರದ ದಾರಿ, ಪಂಚಮಿಗೆ ತವರಿನಿಂದ ಬರಬೇಕಾದ ಬಂಡಿ. ಎರಡನೆಯ ಸಾಲಿನಲ್ಲಿ ಹಾಡುವವಳು ತನ್ನ ಮನೆಯ ಯಾರನ್ನೋ ಆ ನೋಟದೊಳಗೆ ತಂದು ನಿಲ್ಲಿಸುತ್ತಾಳೆ. ಅಣ್ಣನ ಹೆಸರು ಬರಬೇಕಾದ ಜಾಗ ಖಾಲಿ ಇರುತ್ತದೆ, ಮಗನ ಹೆಸರಿನ ಜಾಗವೂ ಅಷ್ಟೇ. ನೂರು ಮಂದಿ ಹಾಡಿದ ಸಾಲು ಆ ಒಂದು ಹೆಸರಿನಿಂದ ಇವಳದೇ ಆಗಿಬಿಡುತ್ತದೆ. ಹೆಸರಿನಲ್ಲಿ ಅಕ್ಷರ ಹೆಚ್ಚಿದರೆ ಪಕ್ಕದ ಕರೆಮಾತನ್ನು ಕೈಬಿಡುತ್ತಾಳೆ, ಕಡಿಮೆಯಾದರೆ ಒಂದು ‘ಬಾಯಿ’ ಸೇರಿಸುತ್ತಾಳೆ. ಕಲ್ಲಿನ ಸುತ್ತು ತಪ್ಪಬಾರದು. ಹೇಳಲಾಗದ ಮಾತೂ ಇಲ್ಲಿ ಹೇಳಿಹೋಗುತ್ತದೆ. ಗಂಡನ ಸಿಟ್ಟು, ಬಸಿರಾಗದ ದುಃಖ, ತವರು ಮರೆತ ಅಣ್ಣನ ಮೇಲಿನ ಮುನಿಸು, ಇವನ್ನೆಲ್ಲ ಬೀಸುಕಲ್ಲಿಗೆ ಹೇಳಿಕೊಳ್ಳುವ ಓವಿಗಳು ನೂರಾರು. ಕಲ್ಲನ್ನೇ ದೇವರೆಂದು, ಗೆಳತಿಯೆಂದು ಕರೆಯುವ ಓವಿಗಳೂ ಇವೆ. ಕಲ್ಲಿನ ಸದ್ದು ಮಾತನ್ನು ಅರ್ಧ ಮುಚ್ಚುತ್ತದೆ; ಒಳಗೆ ಮಲಗಿರುವವರಿಗೆ ಕೇಳಿಸಿಯೂ ಕೇಳಿಸದು. ಆ ಮರೆ ಇಲ್ಲದಿದ್ದರೆ ಎಷ್ಟೋ ಓವಿಗಳು ಹುಟ್ಟುತ್ತಲೇ ಇರಲಿಲ್ಲ.

ನಾಸಿಕದ ಮಾತು ಬಂದ ಮೇಲೆ ಸೀತೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಗೋದಾವರಿಯ ದಡದ ಪಂಚವಟಿಯಲ್ಲಿ ಸೀತಾಗುಂಫಾ ಇದೆ, ಕಾಳಾರಾಮ ಮಂದಿರವಿದೆ. ಯಾತ್ರಿಕರು ರಾಮನ ಹೆಸರಿನಲ್ಲಿ ಬರುತ್ತಾರೆ. ಓವಿ ಹಾಡುವವರು ನಿಲ್ಲುವುದು ಸೀತೆಯ ಪಕ್ಕದಲ್ಲಿ. ಅವರ ಸೀತೆ ಅಗಸನ ಮಾತಿಗೆ ಮನೆ ಬಿಟ್ಟ ಬಸುರಿ, ಕಾಡಿನಲ್ಲಿ ಒಬ್ಬಳೇ ಹೆತ್ತವಳು. ಪರಭಣಿ ಜಿಲ್ಲೆಯ ತಾಡಕಳಸದ ಗಂಗೂಬಾಯಿ ಅಂಬೋರೆ ಹಾಡಿದ ಓವಿಗಳ ಧ್ವನಿಮುದ್ರಣ ಉಳಿದಿದೆ. ಅದರಲ್ಲಿ ಸೀತೆಯ ಅಳು ಕೇಳಿ ಹತ್ತಿರ ಬರುವವರು ಬೋರೆ, ಜಾಲಿಯ ಗಿಡಗಳು. ಈ ಮುಳ್ಳಿನ ಗಿಡಗಳು ಹೆಂಗಸರಾಗಿ ಬಂದು ಸಮಾಧಾನ ಹೇಳುತ್ತವೆ. ಮರಾಠವಾಡದ ಬರಡು ನೆಲದಲ್ಲಿ ಧಾರಾಳವಾಗಿ ಬೆಳೆಯುವುದು ಇವೇ ಗಿಡಗಳು. ವಾಲ್ಮೀಕಿಯ ಕಾಡನ್ನು ತನ್ನ ಹೊಲದ ಬದುವಿಗೆ ತಂದುಕೊಂಡ ಆ ಕಲ್ಪನೆಯ ಮುಂದೆ ನಾನು ಎಷ್ಟೋ ಸಲ ಸುಮ್ಮನೆ ಕೂತಿದ್ದೇನೆ.

ಅದೇ ಕಾಳಾರಾಮ ಮಂದಿರದ ಬಾಗಿಲಲ್ಲಿ 1930ರ ಮಾರ್ಚ್ 2ರಂದು ಇನ್ನೊಂದು ಕತೆ ಶುರುವಾಯಿತು. ಅಸ್ಪೃಶ್ಯರೆನಿಸಿಕೊಂಡವರ ಪ್ರವೇಶಕ್ಕಾಗಿ ಡಾ. ಅಂಬೇಡ್ಕರ್ ಸತ್ಯಾಗ್ರಹ ಹೂಡಿದರು. ನಾಸಿಕದವರೇ ಆದ ದಾದಾಸಾಹೇಬ ಗಾಯಕವಾಡ ಅದರ ಮುಂದಾಳುಗಳಲ್ಲೊಬ್ಬರು. ಹೆಂಗಸರೂ ಬಂದಿದ್ದರು. ವರ್ಷಗಟ್ಟಲೆ ನಡೆದರೂ ಬಾಗಿಲು ತೆರೆಯಲಿಲ್ಲ. 1935ರ ಅಕ್ಟೋಬರ್ 13ರಂದು ನಾಸಿಕ್ ಜಿಲ್ಲೆಯ ಯೇವಲೆಯಲ್ಲಿ, ಹಿಂದೂವಾಗಿ ಹುಟ್ಟಿದರೂ ಹಿಂದೂವಾಗಿ ಸಾಯುವುದಿಲ್ಲ ಎಂದು ಅಂಬೇಡ್ಕರ್ ಸಾರಿದರು. 1950ರಲ್ಲಿ ಅವರ ಶಿಕ್ಷಣ ಸಂಸ್ಥೆ ಔರಂಗಾಬಾದಿನಲ್ಲಿ, ಇಂದಿನ ಛತ್ರಪತಿ ಸಂಭಾಜಿನಗರದಲ್ಲಿ, ಕಾಲೇಜು ತೆರೆಯಿತು. ಅದೇ ಈಗಿನ ಮಿಲಿಂದ ಮಹಾವಿದ್ಯಾಲಯ. ಈ ಇಪ್ಪತ್ತು ವರ್ಷಗಳಲ್ಲಿ, ಮತ್ತು 1956ರಲ್ಲಿ ಅಂಬೇಡ್ಕರ್ ಬೌದ್ಧ ಧಮ್ಮದೀಕ್ಷೆ ಪಡೆದ ನಂತರ ಇನ್ನಷ್ಟು, ದಲಿತ ಕೇರಿಗಳ ಬೀಸುಕಲ್ಲಿನ ಮುಂದೆ ಹಾಡು ಬದಲಾಯಿತು. ಧಾಟಿ ಹಳೆಯದೇ, ಎರಡು ಸಾಲಿನ ಚೌಕಟ್ಟೂ ಹಳೆಯದೇ. ವಿಠ್ಠಲ ನಿಂತಿದ್ದ ಜಾಗದಲ್ಲಿ ಭೀಮರಾಯ, ಅಂದರೆ ಅಂಬೇಡ್ಕರ್, ಬಂದ. ಕಷ್ಟ ಸಹಿಸಿದ ಸೀತೆಗೆ ಮೀಸಲಾಗಿದ್ದ ಅಕ್ಕರೆ ಬಾಬಾಸಾಹೇಬರ ಹೆಂಡತಿ ರಮಾಬಾಯಿಯ ಕಡೆಗೂ ಹರಿಯಿತು. ತನ್ನ ಮಗ ಶಾಲೆಗೆ ಹೋಗುವುದನ್ನು ತಾಯಿ ಓವಿಯಲ್ಲಿ ಹಾಡತೊಡಗಿದಳು. ಬೀಡ್ ಜಿಲ್ಲೆಯ ಮಾಜಲಗಾಂವದ ಭೀಮನಗರದ ಹೆಂಗಸರು ಹಾಡಿದ ಇಂಥ ಓವಿಗಳ ದೊಡ್ಡ ಗುಚ್ಛವೇ ಸಂಗ್ರಹವಾಗಿದೆ. ಹೆಸರಿಗೆಂದು ಬಿಟ್ಟ ಆ ಖಾಲಿ ಜಾಗ ಒಂದು ಸಮುದಾಯ ತನ್ನ ದೇವರನ್ನೇ ಬದಲಿಸುವಷ್ಟು ವಿಶಾಲವಾಗಿತ್ತು.

ನಾಸಿಕ್ ಜಿಲ್ಲೆಯ ಸಿನ್ನರ ತಾಲ್ಲೂಕಿನ ದೇಶವಂಡಿ ಎಂಬ ಹಳ್ಳಿಯಲ್ಲಿ 1922ರಲ್ಲಿ ಹುಟ್ಟಿದ ವಾಮನದಾದಾ ಕರ್ಡಕ್ ಇದೇ ಮಣ್ಣಿನವರು. ದೊಡ್ಡವರಾದ ಮೇಲೆ ಅಕ್ಷರ ಕಲಿತು, ಭೀಮಗೀತೆಗಳ ಮಹಾಕವಿಯಾಗಿ ಮಹಾರಾಷ್ಟ್ರವನ್ನೆಲ್ಲ ಸುತ್ತಿ 2004ರಲ್ಲಿ ತೀರಿಕೊಂಡರು. ಅವರದು ವೇದಿಕೆಯ ಹಾಡು. ಓವಿ ಹೊಸ್ತಿಲ ಒಳಗಿನದು.

ಹೊಸ್ತಿಲ ಒಳಗಿನದನ್ನು ಹೊರಗಿನವರು ಬರೆದುಕೊಳ್ಳತೊಡಗಿದ್ದು ಹೆಚ್ಚುಕಡಿಮೆ ಒಂದೇ ಕಾಲಕ್ಕೆ, ಗಡಿಯ ಎರಡೂ ಬದಿಗೆ. ಭೀಮಾ ತೀರದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ತಮ್ಮ ಸುತ್ತಿನ ಹೆಂಗಸರ ತ್ರಿಪದಿಗಳನ್ನು ಕೂಡಿಸಿ 1931ರಲ್ಲಿ ‘ಗರತಿಯ ಹಾಡು’ ಹೊರತಂದರು. 1933ರಲ್ಲಿ ನಾಸಿಕದ ಸೆರೆಮನೆಯಲ್ಲಿ ಕೂತು ತಾಯಿಯ ನೆನಪನ್ನು ‘ಶ್ಯಾಮಚೀ ಆಯಿ’ ಎಂದು ಬರೆದ ಸಾನೆ ಗುರೂಜಿ, ಮುಂದೆ ಹೆಂಗಸರ ಓವಿಗಳನ್ನು ಕೂಡಿಸಿ ‘ಸ್ತ್ರೀ ಜೀವನ’ ಎಂಬ ಸಂಗ್ರಹ ಮಾಡಿದರು. ಖಾನದೇಶದ ಬಹಿಣಾಬಾಯಿ ಚೌಧರಿಯದು ಇನ್ನೂ ಬೆರಗಿನ ಕತೆ. 1880ರಲ್ಲಿ ಜಳಗಾಂವದ ಬಳಿಯ ಆಸೋದೆಯಲ್ಲಿ ಹುಟ್ಟಿದ ಆಕೆಗೆ ಓದು ಬರಹ ಇರಲಿಲ್ಲ. ಮನೆಗೆಲಸ, ಹೊಲಗೆಲಸ ಮಾಡುತ್ತ ಕಟ್ಟಿ ಹಾಡಿದ್ದನ್ನು ಮಗ, ಕವಿ ಸೋಪಾನದೇವ ಚೌಧರಿ, ಮತ್ತು ಮನೆಯವರು ಬರೆದಿಟ್ಟುಕೊಂಡರು. ಆಕೆ 1951ರಲ್ಲಿ ತೀರಿಕೊಂಡ ಮರುವರ್ಷ ಆಚಾರ್ಯ ಅತ್ರೆಯವರ ಮುನ್ನುಡಿಯೊಂದಿಗೆ ಪುಸ್ತಕ ಬಂತು. ಘರೋಟದ ಮೇಲೆಯೇ ಆಕೆಯದೊಂದು ಹಾಡಿದೆ. ಇಂದು ಜಳಗಾಂವದ ವಿಶ್ವವಿದ್ಯಾಲಯಕ್ಕೆ ಅವಳ ಹೆಸರು.

ಆದರೂ ದೊಡ್ಡ ಕೆಲಸ ನಡೆದದ್ದು ಆಮೇಲೆ, ಪುಣೆಯಲ್ಲಿ. ಹೇಮಾ ರಾಯರ್ಕರ್ ಮತ್ತು ಫ್ರಾನ್ಸಿನಿಂದ ಬಂದು ಇಲ್ಲಿಯೇ ನೆಲೆಸಿದ ಗೀ ಪ್ವಾತ್‌ವ್ಯಾಂ ಮಾವಳದ ಗುಡ್ಡಗಾಡಿನ ಬಡ ರೈತರ ಸಂಘಟನೆಯಲ್ಲಿ ತೊಡಗಿದ್ದವರು. ಹಳ್ಳಿಯ ಹೆಂಗಸರು ತಮ್ಮ ಬದುಕಿನ ಬಗ್ಗೆ ತಾವೇ ಏನು ಹೇಳಿಕೊಂಡಿದ್ದಾರೆ ಎಂದು ಹುಡುಕಹೊರಟಾಗ ಸಿಕ್ಕಿದ್ದು ಓವಿ. ಎರಡು ದಶಕ ದುಡಿದು ಸಾವಿರಕ್ಕೂ ಹೆಚ್ಚು ಹಳ್ಳಿಗಳಿಂದ ಒಂದು ಲಕ್ಷಕ್ಕೂ ಮೀರಿ ಓವಿಗಳನ್ನು ಬರೆದುಕೊಂಡರು. ಬರೆದುಕೊಂಡವರಲ್ಲಿ ಅನೇಕರು ಆಯಾ ಹಳ್ಳಿಯ ಹೆಂಗಸರೇ. ಆದ್ದರಿಂದ ಪಂಡಿತರು ನಾಚಿಕೆಯಿಂದ ಕೈಬಿಡಬಹುದಾಗಿದ್ದ ಬೈಗುಳ, ಬೇಗುದಿ ಕೂಡ ಉಳಿದುಕೊಂಡಿತು. 1990ರ ದಶಕದಲ್ಲಿ ಸಂಗೀತ ಮತ್ತು ಗಣಕಯಂತ್ರ ಎರಡನ್ನೂ ಬಲ್ಲ ಬರ್ನಾರ್ ಬೆಲ್ ಇವರ ಜೊತೆಗೂಡಿದರು. 120 ಗಂಟೆಗಳಿಗೂ ಮೀರಿದ ಧ್ವನಿಮುದ್ರಣ ಸಿದ್ಧವಾಯಿತು. ಗೀ 2004ರಲ್ಲಿ ತೀರಿಕೊಂಡರು. ಪತ್ರಕರ್ತ ಪಿ. ಸಾಯಿನಾಥ್ ಸ್ಥಾಪಿಸಿದ, ಗ್ರಾಮೀಣ ಭಾರತದ ಬದುಕನ್ನು ದಾಖಲಿಸುವ ಜಾಲತಾಣ ‘ಪರಿ’ ಈಗ ಆ ಭಂಡಾರವನ್ನು ಒಂದೊಂದಾಗಿ ತೆರೆಯುತ್ತಿದೆ. ಹಾಡಿದವರ ಹೆಸರು, ಊರು, ಚಿತ್ರ ಹಾಕಿ, ಸಿಕ್ಕವರನ್ನು ಮತ್ತೆ ಹುಡುಕಿ ಹೋಗಿ ಮಾತಾಡಿಸಿ ಪ್ರಕಟಿಸುತ್ತಿದೆ. ‘ಜನಪದರು ಹಾಡಿದ್ದು’ ಎಂದು ಹೆಸರಿಲ್ಲದೆ ಅಚ್ಚುಹಾಕುವ ನಮ್ಮ ಹಳೆಯ ರೂಢಿಗಿಂತ ಇದು ಎಷ್ಟೋ ಮೇಲು.

ಇಂಥದೊಂದು ಮನೆಯ ನೆನಪನ್ನು ಐರ್ಲೆಂಡಿನವರೂ ಇದೇ ಜತನದಿಂದ ಕಾಪಾಡಿಕೊಂಡಿದ್ದಾರೆ. ಕಾರ್ಕ್ ಸೀಮೆಯ ಎಲಿಜಬೆತ್ ಕ್ರೋನಿನ್ (1879–1956) ಹಳ್ಳಿಯ ರೈತ ಹೆಂಗಸು. ಮನೆಯಲ್ಲಿ, ನೆರೆಯಲ್ಲಿ ಕೇಳಿ ಕಲಿತ ಹಾಡುಗಳನ್ನು ವಾದ್ಯದ ಆಸರೆಯಿಲ್ಲದೆ ಬರಿಗಂಟಲಿನಲ್ಲಿ, ಐರಿಷ್ ಮತ್ತು ಇಂಗ್ಲಿಷ್ ಎರಡರಲ್ಲೂ ಹಾಡುತ್ತಿದ್ದಳು. 1951ರಲ್ಲಿ ಅಮೆರಿಕದ ಸಂಗ್ರಾಹಕ ಅಲನ್ ಲೊಮ್ಯಾಕ್ಸ್ ಬಂದು ಧ್ವನಿಮುದ್ರಿಸಿಕೊಂಡ. ಅವಳ ಹಾಡುಗಳ ಪೂರ್ಣ ಸಂಪುಟ 2000ದಲ್ಲಿ ಬಂತು. ಸಂಪಾದಿಸಿದವನು ಅವಳ ಮೊಮ್ಮಗ, ಇತಿಹಾಸದ ವಿದ್ವಾಂಸ. ಕುಟುಂಬದ ಹಾಡನ್ನು ಕುಟುಂಬದವರೇ ಓದಿ, ತಿದ್ದಿ, ಟಿಪ್ಪಣಿ ಬರೆದು ಕೊಟ್ಟರೆ ಅದಕ್ಕೆ ಬರುವ ಆಳವೇ ಬೇರೆ. ಬಹಿಣಾಬಾಯಿಗೆ ಅಂಥ ಮಗ ಸಿಕ್ಕಿದ್ದ. ಲಕ್ಷ ಓವಿ ಹಾಡಿದ ಇತರ ತಾಯಂದಿರ ಮೊಮ್ಮಕ್ಕಳು ಇಂದು ಪುಣೆ, ಬೆಂಗಳೂರುಗಳಲ್ಲಿ ಓದಿದವರಾಗಿ ಇದ್ದಾರೆ. ಅವರಲ್ಲಿ ಕೆಲವರಾದರೂ ಈ ಕೆಲಸಕ್ಕೆ ಕೂರಲಿ ಎಂಬುದು ನನ್ನ ಆಸೆ.

ಹಿಟ್ಟಿನ ಗಿರಣಿ ಊರಿಗೆ ಬಂದಾಗ ಹೆಂಗಸರ ರಟ್ಟೆಗೆ ಬಿಡುಗಡೆ ಸಿಕ್ಕಿತು. ಅದಕ್ಕೆ ಮರುಗುವ ಹಕ್ಕು, ಒಂದು ದಿನವೂ ಬೀಸದ ನಮ್ಮಂಥವರಿಗೆ ಇಲ್ಲ. ನಸುಕಿನಲ್ಲಿ ಎದ್ದು ಮನೆಮಂದಿಗೆಲ್ಲ ಹಿಟ್ಟು ಮಾಡುವುದು ಎಂಥ ದುಡಿತವೆಂದು ಓವಿಗಳೇ ಹೇಳುತ್ತವೆ. ಹಾಡು ಮಾತ್ರ ತನ್ನ ಆಸರೆ ಕಳೆದುಕೊಂಡಿತು. ಕಲ್ಲಿನ ಮುಂದೆ ಕೂತರೆ ತಾನಾಗಿ ಬರುವ ಸಾಲು, ಕುರ್ಚಿಯ ಮೇಲೆ ಕೂರಿಸಿ ಕೇಳಿದರೆ ಬರುವುದಿಲ್ಲ. ನೆನಪಿನ ಅರ್ಧ ಭಾಗ ತೋಳಿನಲ್ಲಿತ್ತು. ಈಗ ಜಾತೆ ಹೊರಗೆ ಬರುವುದು ಮದುವೆಯ ಮನೆಯಲ್ಲಿ. ಘಾಣಾ ತುಂಬುವ ಶಾಸ್ತ್ರಕ್ಕೆ ಕಲ್ಲು ತೊಳೆದು, ಅರಿಸಿನ ಕುಂಕುಮ ಹಚ್ಚಿ, ಮುತ್ತೈದೆಯರು ಸುತ್ತ ಕೂತು ಮದುಮಗಳ ಅರಿಸಿನ ಬೀಸುತ್ತಾರೆ. ಮೊದಲ ಓವಿ ದೇವರಿಗೆ, ಎರಡನೆಯದು ಇನ್ನೊಬ್ಬರಿಗೆ, ಹೀಗೆ ಎಣಿಸುತ್ತ ಹೋಗುವ ಓವಿಗಳು ಆಗ ಏಳುತ್ತವೆ. ಹರೆಯದ ಹುಡುಗಿಯರಿಗೆ ಅವು ಬಾಯಿಪಾಠವಿರುವುದಿಲ್ಲ. ಅಜ್ಜಿ ಎತ್ತಿಕೊಟ್ಟದ್ದನ್ನು ಹಿಂದಿನಿಂದ ಹೇಳುತ್ತಾರೆ. ಹಿಂದಿನಿಂದ ಹೇಳುವುದೇ ಓವಿ ಕಲಿಯುವ ಹಳೆಯ ಕ್ರಮವೂ ಹೌದು.

ಕೇಳಬೇಕೆನ್ನುವ ಕನ್ನಡಿಗರಿಗೆ ನನ್ನದೊಂದು ಸಲಹೆ. ಮರಾಠಿ ಬರದಿದ್ದರೂ ‘ಪರಿ’ಯ ಧ್ವನಿಮುದ್ರಣವನ್ನು ಹಚ್ಚಿ, ಮೊದಲು ಮಾತನ್ನು ಬಿಟ್ಟು ಕಲ್ಲನ್ನೇ ಕೇಳಿ. ಅದರ ಸುತ್ತು ಕಿವಿಗೆ ಕೂತ ಮೇಲೆ, ಮುಂದಾಳು ಎಲ್ಲಿ ಉಸಿರು ಬಿಡುತ್ತಾಳೆ, ಎದುರಿನವಳು ಎಲ್ಲಿ ಎತ್ತಿಕೊಳ್ಳುತ್ತಾಳೆ ಎಂದು ಗಮನಿಸಿ. ಆಮೇಲೆ ಅನುವಾದ ಓದಿ. ವಿಜಯಪುರ, ಬೆಳಗಾವಿ, ಕಲಬುರಗಿ, ಬೀದರ ಕಡೆಯವರಾದರೆ ನಿಮ್ಮ ಮನೆಯ ಹಿರಿಯ ಹೆಂಗಸರಿಗೂ ಅದನ್ನು ಕೇಳಿಸಿ. ‘ಇದು ನಮ್ಮ ಬೀಸೋ ಪದದ ಹಂಗೇ ಐತಲ್ಲ’ ಎಂದು ಅವರು ತಮ್ಮದೊಂದನ್ನು ತೆಗೆಯುವ ಸಂಭವ ಬಹಳ. ಬರೆದುಕೊಳ್ಳುವುದಾದರೆ ಪದದ ಜೊತೆಗೆ, ಅದನ್ನು ಯಾರ ಎದುರು ಕೂತು ಕಲಿತದ್ದು, ಅವರ ತವರು ಯಾವ ಊರು ಎಂಬುದನ್ನೂ ಕೇಳಿ ಬರೆದುಕೊಳ್ಳಿ.